ಲಿಂಬರ್ಗಿನ ಗಣಿಗಳು ಮತ್ತು ಐವತ್ತಾರನೆಯ ವಿಧಿ

1965ರ ಡಿಸೆಂಬರ್ 17, ಶುಕ್ರವಾರ. ನೆದರ್ಲೆಂಡ್ಸಿನ ದಕ್ಷಿಣ ತುದಿಯ ಹೇರ್ಲೆನ್ ಪಟ್ಟಣದ ರಂಗಮಂದಿರದಲ್ಲಿ ಅಂದು ನಾಟಕವಿರಲಿಲ್ಲ. ಗಣಿ ಕಂಪನಿಗಳ ನಿರ್ದೇಶಕರು, ಕಾರ್ಮಿಕ ಸಂಘಗಳ ಮುಖಂಡರು, ಸುತ್ತಲಿನ ಊರುಗಳ ಮೇಯರುಗಳು ಅಲ್ಲಿ ಕೂತು ಸರ್ಕಾರದ ಕಡೆಯಿಂದ ಬಂದ ಸಚಿವರ ಮಾತಿಗೆ ಕಾದಿದ್ದರು. ಆರ್ಥಿಕ ವ್ಯವಹಾರಗಳ ಸಚಿವ ಯೋಪ್ ಡೆನ್ ಆಯ್ಲ್ ಲೇಬರ್ ಪಕ್ಷದವರು. ಗಣಿ ಕಾರ್ಮಿಕರು ತಮ್ಮವರೆಂದು ನಂಬಬಹುದಾದ ಪಕ್ಷ ಅದು. ಅವರು ತಂದಿದ್ದ ಸುದ್ದಿ ಇಷ್ಟು: ಲಿಂಬರ್ಗ್ ಪ್ರಾಂತದ ಕಲ್ಲಿದ್ದಲು ಗಣಿಗಳನ್ನು ಒಂದೊಂದಾಗಿ ಮುಚ್ಚಲಾಗುವುದು, ಮೊದಲು ಮುಚ್ಚುವವುಗಳಲ್ಲಿ ಸರ್ಕಾರದ್ದೇ ಆದ ದೊಡ್ಡ ಗಣಿ ಮೌರಿಟ್ಸ್ ಕೂಡ ಇದೆ. ಅದರ ಬೆನ್ನಿಗೇ ಅವರು ಒಂದು ಮಾತು ಕೊಟ್ಟರು. ಬದಲಿ ಕೆಲಸ ಒದಗಿಸದೆ ಯಾವ ಗಣಿಯನ್ನೂ ಮುಚ್ಚುವುದಿಲ್ಲ.

ಆ ಸೀಮೆಯಲ್ಲಿ ಆಗ ಸುಮಾರು 45,000 ಮಂದಿ ಗಣಿಗಳನ್ನೇ ನಂಬಿದ್ದರು. ಗಣಿಗೆ ಸಾಮಾನು ಒದಗಿಸುವವರು, ಅಂಗಡಿಯವರು, ಸಾಗಣೆಯವರು ಸೇರಿ ಇನ್ನೂ ಮೂವತ್ತು ಸಾವಿರ ಕೆಲಸಗಳು ಅವುಗಳ ನೆರಳಲ್ಲಿದ್ದವು. ಮನೆಗಳು ಗಣಿ ಕಂಪನಿಯ ಕಾಲೊನಿಯವು. ಫುಟ್‌ಬಾಲ್ ತಂಡ, ಬ್ಯಾಂಡಿನ ಮೇಳ, ಚರ್ಚಿನ ಸಂಘ ಎಲ್ಲವೂ ಪಾಳಿಯ ಗಂಟೆಗೆ ಹೊಂದಿಕೊಂಡೇ ಬೆಳೆದಂಥವು. ಇಂಥ ಕಡೆ ಗಣಿ ಮುಚ್ಚಿದರೆ ಹೋಗುವುದು ಸಂಬಳವೊಂದೇ ಆಗಿರುವುದಿಲ್ಲ.

ಹಾಗಿದ್ದೂ ಅಂದು ಹೇರ್ಲೆನ್ನಿನಲ್ಲಿ ಗಲಭೆಯಾಗಲಿಲ್ಲ. ಕ್ಯಾಥೊಲಿಕ್ ಗಣಿ ಕಾರ್ಮಿಕರ ಸಂಘದ ಅಧ್ಯಕ್ಷ ಫ್ರಾನ್ಸ್ ದೋಮೆನ್ ಈ ನಿರ್ಧಾರವನ್ನು ಒಪ್ಪಿ, ತಮ್ಮ ಸದಸ್ಯರ ಮುಂದೆ ಅದನ್ನು ಸಮರ್ಥಿಸಿಕೊಂಡರು. 1959ರಲ್ಲಿ ದೇಶದ ಉತ್ತರದ ಗ್ರೋನಿಂಗನ್ ಪ್ರಾಂತದ ಸ್ಲೋಖ್ಟರನ್ ಎಂಬ ಹಳ್ಳಿಯ ಬಳಿ ಅಗಾಧ ನೈಸರ್ಗಿಕ ಅನಿಲ ಸಿಕ್ಕಿತ್ತು. ಅಮೆರಿಕದ ಕಲ್ಲಿದ್ದಲು, ಅರಬ್ ದೇಶಗಳ ಎಣ್ಣೆ ಎರಡೂ ಅಗ್ಗವಾಗಿದ್ದವು. ಲಿಂಬರ್ಗಿನ ಕಲ್ಲಿದ್ದಲು ಆಳದಲ್ಲಿತ್ತು, ಪದರಗಳು ತೆಳ್ಳಗಿದ್ದವು, ತೆಗೆಯುವ ಖರ್ಚು ಏರುತ್ತಲೇ ಇತ್ತು. ಇದು ದೋಮೆನ್‌ರಿಗೂ ಗೊತ್ತಿತ್ತು. ಅವರು ಕೇಳಿದ್ದು ಗಣಿ ಉಳಿಸಿ ಎಂದಲ್ಲ, ದಾಟುವ ದಾರಿ ತೋರಿಸಿ ಎಂದು.

ಹಾಗೊಂದು ದಾರಿ ಇರಲೇಬೇಕು ಎಂಬ ಮಾತು ಹದಿನಾಲ್ಕು ವರ್ಷ ಹಿಂದೆಯೇ ಕಾಗದದ ಮೇಲೆ ಬಂದಿತ್ತು. ಯೂರೋಪಿನ ಒಕ್ಕೂಟ ಎಂದರೆ ಕಸ್ಟಮ್ಸ್, ಗಡಿ, ನಾಣ್ಯ ಎಂದಷ್ಟೇ ನೆನೆಯುವವರಿಗೆ ಈ ಭಾಗ ಕಣ್ಣಿಗೆ ಬೀಳುವುದು ಕಡಿಮೆ. ನನಗೆ ಅದೇ ಆ ಒಕ್ಕೂಟದ ಹೆಚ್ಚು ಗೌರವಾರ್ಹವಾದ ಭಾಗ ಅನ್ನಿಸುತ್ತದೆ.

1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರೊಬೆರ್ ಶೂಮನ್ ಪ್ಯಾರಿಸಿನಲ್ಲಿ ಒಂದು ಘೋಷಣೆ ಓದಿದರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕುಗಳನ್ನು ಒಂದೇ ಮೇಲಾಡಳಿತದ ಕೆಳಗೆ ತರೋಣ, ಆಗ ಇವರಿಬ್ಬರ ನಡುವೆ ಯುದ್ಧವೇ ಅಸಾಧ್ಯವಾಗುತ್ತದೆ ಎಂಬುದು ಅದರ ತಿರುಳು. ಕರಡು ಸಿದ್ಧಪಡಿಸಿದವರು ಜ್ಯಾಂ ಮೊನೆ ಮತ್ತು ಅವರ ಚಿಕ್ಕ ತಂಡ. ಬದಲಾವಣೆಗೆ ನೆರವಾಗುವ ಒಂದು ನಿಧಿಯ ಮಾತು ಆ ಪುಟ್ಟ ಘೋಷಣೆಯಲ್ಲೇ ಇತ್ತು. ಆರು ದೇಶಗಳ ಗಡಿಗಳು ತೆರೆದುಕೊಂಡರೆ ದುಬಾರಿಯಾಗಿ ಕಲ್ಲಿದ್ದಲು ತೆಗೆಯುವ ಗಣಿಗಳು ಉಳಿಯುವುದಿಲ್ಲ ಎಂಬುದು ಬರೆದವರಿಗೆ ಮೊದಲೇ ತಿಳಿದಿತ್ತು. ಎಲ್ಲರಿಗೂ ಲಾಭವಾಗುವ ಮಾರುಕಟ್ಟೆಯ ಬೆಲೆಯನ್ನು ಕೆಲವೇ ಊರುಗಳು ತೆರುವಂತಾಗಬಾರದು, ತೆತ್ತರೆ ಎಲ್ಲರೂ ಸೇರಿ ತುಂಬಿಕೊಡಬೇಕು ಎಂಬ ವಿಚಾರ ಅಲ್ಲಿಂದ ಹುಟ್ಟಿತು.

1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೇರಿ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವು. ಅದರಿಂದ ಹುಟ್ಟಿದ ಯೂರೋಪಿಯನ್ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯಕ್ಕೆ ‘ಹೈ ಅಥಾರಿಟಿ’ ಎಂಬ ಆಡಳಿತ ಮಂಡಳಿ ಇತ್ತು. 1952ರ ಆಗಸ್ಟ್‌ನಲ್ಲಿ ಲಕ್ಸೆಂಬರ್ಗ್ ನಗರದಲ್ಲಿ ಮೊನೆ ಅವರ ಅಧ್ಯಕ್ಷತೆಯಲ್ಲಿ ಅದು ಕೆಲಸ ಶುರುಮಾಡಿತು. ಮಂಡಳಿಯ ಸದಸ್ಯರಲ್ಲಿ ಬೆಲ್ಜಿಯಂನ ಪಾಲ್ ಫಿನೆ ಎಂಬವರಿದ್ದರು. ಲೋಹದ ಕಾರ್ಖಾನೆಯಲ್ಲಿ ದುಡಿದು, ಕಾರ್ಮಿಕ ಸಂಘದ ಮೆಟ್ಟಿಲು ಹತ್ತಿ ಬಂದವರು. ಮುಂದೆ ಅವರೇ ಅಧ್ಯಕ್ಷರೂ ಆದರು. ಗಣಿ ಮತ್ತು ಉಕ್ಕಿನ ಕೆಲಸದಲ್ಲಿ ಸತ್ತವರ ಮಕ್ಕಳ ಓದಿಗೆ ಹಣ ಕೊಡುವ ಪ್ರತಿಷ್ಠಾನವೊಂದು 1965ರಿಂದ ಅವರ ಹೆಸರಿನಲ್ಲಿ ನಡೆಯಿತು.

ಹಣ ಎಲ್ಲಿಂದ ಬಂತು ಎನ್ನುವುದೇ ಈ ಕಥೆಯ ಗಟ್ಟಿ ಭಾಗ. ಕಲ್ಲಿದ್ದಲು, ಉಕ್ಕಿನ ಉತ್ಪಾದನೆಯ ಮೌಲ್ಯದ ಮೇಲೆ ಶೇ 1ರವರೆಗೆ ವಂತಿಗೆ ಹಾಕುವ ಅಧಿಕಾರ ಹೈ ಅಥಾರಿಟಿಗಿತ್ತು. ಅದನ್ನು ಕಂಪನಿಗಳಿಂದ ನೇರವಾಗಿ ವಸೂಲು ಮಾಡುತ್ತಿದ್ದರು, ನಡುವೆ ಯಾವ ಸರ್ಕಾರದ ಖಜಾನೆಯೂ ಇಲ್ಲ. ಯೂರೋಪಿನ ಮೊದಲ ತೆರಿಗೆ ಎಂದು ಇದನ್ನು ಕರೆಯುವುದುಂಟು. 1953ರ ಜನವರಿಯಲ್ಲಿ ಶೇ 0.3ರಿಂದ ಶುರುವಾಗಿ ಅದೇ ವರ್ಷದ ಜುಲೈ ಹೊತ್ತಿಗೆ ಶೇ 0.9ಕ್ಕೆ ಏರಿತು. ಅಂದರೆ ಉದ್ಯಮ ಚೆನ್ನಾಗಿ ನಡೆಯುತ್ತಿರುವಾಗಲೇ ಅದರ ಕೈಯಿಂದ ಸ್ವಲ್ಪ ತೆಗೆದಿಟ್ಟು, ಅದು ಕೆಟ್ಟಾಗ ಅದರ ಕೆಲಸಗಾರರಿಗೆ ಕೊಡುವ ಏರ್ಪಾಟು.

ಕೊಡುವ ಬಗೆಯನ್ನು ಹೇಳುವುದು ಒಪ್ಪಂದದ ಐವತ್ತಾರನೆಯ ವಿಧಿ. ಅದು ಮೂರು ಕೆಲಸಗಳನ್ನು ಒಟ್ಟಿಗೆ ಹೊಲಿದಿತ್ತು. ಕೆಲಸ ಕಳೆದುಕೊಂಡವನಿಗೆ ಮುಂದಿನ ಕೆಲಸ ಸಿಗುವತನಕ ಬದುಕಲು ಭತ್ಯೆ, ಬೇರೆ ಊರಿಗೆ ಹೋಗಬೇಕಾದರೆ ಸಾಗಣೆಯ ಖರ್ಚು. ಹೊಸ ಕಸುಬು ಕಲಿಯಲು ತರಬೇತಿ. ಮತ್ತು ಆ ಕಸುಬಿಗೆ ಕೆಲಸ ಕೊಡಬಲ್ಲ ಹೊಸ ಕಾರ್ಖಾನೆ ಅಲ್ಲಿಗೆ ಬರುವಂತೆ ಸಾಲದ ನೆರವು. ಸಾಲ ಬಿಟ್ಟರೆ ಉಳಿದದ್ದನ್ನು ಯಾರೂ ಹಿಂತಿರುಗಿಸಬೇಕಿರಲಿಲ್ಲ. ಆಯಾ ದೇಶದ ಸರ್ಕಾರ ಅಷ್ಟೇ ಮೊತ್ತವನ್ನು ತಾನೂ ಹಾಕಬೇಕೆಂಬ ಷರತ್ತು ಮಾತ್ರ ಇತ್ತು. ಹೊಸ ಕೆಲಸದ ಸಂಬಳ ಹಳೆಯದಕ್ಕಿಂತ ಕಡಿಮೆಯಾದರೆ ಒಂದಷ್ಟು ಕಾಲ ಆ ಕೊರತೆಯನ್ನು ತುಂಬಿಕೊಡುವ ಒಡಂಬಡಿಕೆಗಳೂ ನಂತರ ದೇಶದೇಶಗಳೊಂದಿಗೆ ಆದವು. ಹೊಟ್ಟೆ, ಕಲಿಕೆ, ಕೆಲಸ ಮೂರನ್ನೂ ಒಬ್ಬನೇ ಮನುಷ್ಯನ ಮೂರು ಅಗತ್ಯಗಳೆಂದು ಅದನ್ನು ಬರೆದವರು ಕಂಡಿದ್ದರು. ಮುಂದಿನ ಎಪ್ಪತ್ತು ವರ್ಷಗಳ ಕಥೆಯೆಲ್ಲ ಈ ಹೊಲಿಗೆ ಎಲ್ಲೆಲ್ಲಿ ಬಿಟ್ಟಿತು ಎಂಬುದೇ.

ಮೊದಲ ಪ್ರಯೋಗದಲ್ಲೇ ಪೆಟ್ಟು ಬಿತ್ತು. ಫ್ರಾನ್ಸಿನ ನಡು ಮತ್ತು ದಕ್ಷಿಣ ಭಾಗದ, ಅದರಲ್ಲೂ ಸೆವೆನ್ ಗುಡ್ಡಸೀಮೆಯ ಗಣಿಗಳಲ್ಲಿ ಜನ ಹೆಚ್ಚಾಗಿದ್ದರು. ಪೂರ್ವದ ಲೊರೇನ್‌ನಲ್ಲಿ ಕಲ್ಲಿದ್ದಲು ಚೆನ್ನಾಗಿತ್ತು, ಕೈಗಳು ಸಾಲದಾಗಿದ್ದವು. ಐದು ಸಾವಿರ ಗಣಿ ಕಾರ್ಮಿಕರನ್ನು ದಕ್ಷಿಣದಿಂದ ಲೊರೇನ್‌ಗೆ ಸಾಗಿಸುವ ಯೋಜನೆ ತಯಾರಾಯಿತು. ಮನೆ, ಸಾಗಣೆ ಖರ್ಚು, ಭತ್ಯೆ ಎಲ್ಲವೂ ಸಿದ್ಧವಿತ್ತು. ಹೋದವರು ಕೆಲವು ನೂರು ಮಂದಿ. ದಕ್ಷಿಣದ ಬಿಸಿಲಿನ ಗುಡ್ಡದಲ್ಲಿ ಸ್ವಂತದ ತುಂಡು ಜಮೀನು, ದ್ರಾಕ್ಷಿ ಬಳ್ಳಿ, ಪಕ್ಕದ ಬೀದಿಯಲ್ಲೇ ನೆಂಟರು ಇದ್ದವರಿಗೆ ಜರ್ಮನ್ ಗಡಿಯ ಮಂಜಿನ ಊರು ಬೇಡವಾಗಿತ್ತು. ಮನುಷ್ಯನನ್ನು ಕೆಲಸದ ಹತ್ತಿರಕ್ಕೆ ಒಯ್ಯುವುದಕ್ಕಿಂತ ಕೆಲಸವನ್ನು ಮನುಷ್ಯನ ಹತ್ತಿರಕ್ಕೆ ತರಬೇಕು ಎಂಬ ಪಾಠವನ್ನು ಲಕ್ಸೆಂಬರ್ಗಿನ ಅಧಿಕಾರಿಗಳು ಆಗ ಕಲಿತರು. ಇಟಲಿಯಲ್ಲಿ ಉಕ್ಕಿನ ಕಾರ್ಖಾನೆಗಳಿಂದ ಹೊರಬಿದ್ದ ಸಾವಿರಾರು ಮಂದಿಗೆ ಭತ್ಯೆ, ತರಬೇತಿ ಕೊಟ್ಟ ಯೋಜನೆ ಇದಕ್ಕಿಂತ ಚೆನ್ನಾಗಿ ನಡೆಯಿತು.

ನಿಜವಾದ ಪರೀಕ್ಷೆ ಬೆಲ್ಜಿಯಂನದ್ದು. ದೇಶದ ನೈರುತ್ಯದಲ್ಲಿರುವ ಬೊರಿನಾಜ್ ಹಳೆಯ ಗಣಿಸೀಮೆ. ಚಿತ್ರಕಾರನಾಗುವ ಮೊದಲು ವಿನ್ಸೆಂಟ್ ವಾನ್ ಗಾಗ್ ಧರ್ಮಬೋಧಕನಾಗಿ ಬಡವರ ನಡುವೆ ಇದ್ದದ್ದು ಅಲ್ಲೇ. ಯುದ್ಧ ಮುಗಿದ ಮೇಲೆ ಬೆಲ್ಜಿಯನ್ನರೇ ಗಣಿಗಿಳಿಯಲು ಒಪ್ಪದಾದಾಗ, 1946ರಲ್ಲಿ ಸರ್ಕಾರ ಇಟಲಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಇಟಲಿ ಐವತ್ತು ಸಾವಿರ ಕೆಲಸಗಾರರನ್ನು ಕಳಿಸಬೇಕು, ಬೆಲ್ಜಿಯಂ ಇಟಲಿಗೆ ಕಲ್ಲಿದ್ದಲು ಮಾರಬೇಕು. 1956ರ ಆಗಸ್ಟ್ 8ರ ಬೆಳಿಗ್ಗೆ ಮಾರ್ಸಿನೆಲ್ ಊರಿನ ಬ್ವಾ ದು ಕಾಜಿಯೆ ಗಣಿಯಲ್ಲಿ ಬೆಂಕಿ ಹತ್ತಿ 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಎರಡೇ ವರ್ಷದಲ್ಲಿ, 1958ರಿಂದ, ಇದೇ ಕಲ್ಲಿದ್ದಲನ್ನು ಕೇಳುವವರಿಲ್ಲದೆ ಗಣಿಯ ಬಾಯಿಯಲ್ಲಿ ರಾಶಿ ಬೀಳತೊಡಗಿತು. ಜೀವ ತೆತ್ತು ತೆಗೆದ ಕಲ್ಲಿದ್ದಲು ಯಾರಿಗೂ ಬೇಡವಾದದ್ದು ಆ ಕುಟುಂಬಗಳಿಗೆ ಹೇಗಿದ್ದಿರಬೇಕು.

ಐದು ವರ್ಷ ಬೆಲ್ಜಿಯಂ ಗಣಿಗಳಿಗೆ ಅಗ್ಗದ ಕಲ್ಲಿದ್ದಲಿನ ದೇಶಗಳಾದ ಜರ್ಮನಿ, ನೆದರ್ಲೆಂಡ್ಸ್ ವಂತಿಗೆ ಹಾಕಿ ಉಸಿರು ಕೊಟ್ಟಿದ್ದವು. ಆ ಗಡುವು 1958ರ ಫೆಬ್ರುವರಿಗೆ ಮುಗಿಯಿತು. ಮರುವರ್ಷದ ಫೆಬ್ರುವರಿಯಲ್ಲಿ ಮುಚ್ಚುವ ಗಣಿಗಳ ಪಟ್ಟಿ ಹೊರಬಿದ್ದಾಗ ಬೊರಿನಾಜ್ ಮುಷ್ಕರಕ್ಕೆ ಇಳಿಯಿತು. ರಸ್ತೆಗಳಿಗೆ ತಡೆ ಬಿತ್ತು. ಆಗ ಒಂದು ಕಾನೂನಿನ ತೊಡಕೂ ಎದುರಾಯಿತು. ಒಪ್ಪಂದದ ಮೊದಲ ಐದು ವರ್ಷಕ್ಕೆಂದು ಇದ್ದ ವಿಶೇಷ ಕಲಂ ಅವಧಿ ಮೀರುತ್ತಿತ್ತು. ಐವತ್ತಾರನೆಯ ವಿಧಿಯಾದರೋ ಹೊಸ ಯಂತ್ರ, ಹೊಸ ವಿಧಾನಗಳಿಂದ ಕೆಲಸ ಹೋದರೆ ಮಾತ್ರ ನೆರವು ಎಂದಿತ್ತು. ಎಣ್ಣೆ ಬಂದು ಕಲ್ಲಿದ್ದಲನ್ನು ತಳ್ಳಿದರೆ? ಅದಕ್ಕೆ ಉತ್ತರವಿರಲಿಲ್ಲ. 1960ರ ಆರಂಭದಲ್ಲಿ ವಿಧಿಯನ್ನೇ ತಿದ್ದಿ, ಮಾರುಕಟ್ಟೆಯ ಸ್ಥಿತಿಯೇ ಬುಡಮೇಲಾದಾಗಲೂ ನೆರವು ಸಲ್ಲುತ್ತದೆ ಎಂದು ಸೇರಿಸಿದರು. ನೋಡಲು ಸಣ್ಣ ತಿದ್ದುಪಡಿ. ಅದಿಲ್ಲದಿದ್ದರೆ ಮುಂದಿನ ದಶಕದ ಗಣಿ ಕಾರ್ಮಿಕರು ಬರಿಗೈಯಲ್ಲಿ ನಿಲ್ಲುತ್ತಿದ್ದರು. ಆ ತಿದ್ದುಪಡಿಯ ಬಲದಿಂದ ನಂತರದ ವರ್ಷಗಳಲ್ಲಿ ಆರು ದೇಶಗಳ ಲಕ್ಷಗಟ್ಟಲೆ ಕೆಲಸಗಾರರಿಗೆ ನೆರವು ತಲುಪಿತು.

ಹೇರ್ಲೆನ್ನಿಗೆ ಮರಳೋಣ. ಡೆನ್ ಆಯ್ಲ್ ಕೊಟ್ಟ ಮಾತಿನ ಹಿಂದೆ ಡಚ್ ಸರ್ಕಾರದ ಹಣವೂ ಇತ್ತು, ಲಕ್ಸೆಂಬರ್ಗಿನ ಹಣವೂ ಇತ್ತು. ಗಣಿಗಳ ಬದಲಿಗೆ ಬರಬೇಕಾದ ಉದ್ಯಮಗಳಲ್ಲಿ ದೊಡ್ಡದೆಂದರೆ ಡಾಫ್ ಕಾರು ಕಾರ್ಖಾನೆ. ಬೋರ್ನ್ ಎಂಬ ಹಳ್ಳಿಯ ಬಯಲಿನಲ್ಲಿ ಅದು 1967ರಲ್ಲಿ ಬಾಗಿಲು ತೆರೆಯಿತು. ಸರ್ಕಾರಿ ಗಣಿ ಸಂಸ್ಥೆಯೇ ಅದರಲ್ಲಿ ಕಾಲು ಪಾಲು ಬಂಡವಾಳ ಹಾಕಿತು. ಅದೇ ವರ್ಷ ಮೌರಿಟ್ಸ್ ಮುಚ್ಚಿತು. ಗಣಿ ಸಂಸ್ಥೆ ಕಲ್ಲಿದ್ದಲು ಬಿಟ್ಟು ರಸಾಯನ ಉದ್ಯಮಕ್ಕೆ ಹೊರಳಿ ಡಿಎಸ್‌ಎಂ ಎಂಬ ಹೆಸರಲ್ಲಿ ಬೆಳೆಯಿತು. ಮೌರಿಟ್ಸ್ ಇದ್ದ ಗೆಲೇನ್‌ನಲ್ಲಿ ಗೊಬ್ಬರ, ಪ್ಲಾಸ್ಟಿಕ್ಕಿನ ಘಟಕಗಳು ಹಬ್ಬಿದವು.

ಆದರೆ ಗಣಿ ಮುಚ್ಚುವ ವೇಗ ಯಾರ ಹಿಡಿತದಲ್ಲೂ ಉಳಿಯಲಿಲ್ಲ. ಮುಚ್ಚುತ್ತಾರೆ ಎಂದು ಗೊತ್ತಾದ ಕೂಡಲೇ ಹರೆಯದವರು, ಕಸುಬು ಬಲ್ಲವರು ತಾವಾಗಿಯೇ ಬೇರೆ ಕಡೆ ಹೋದರು. ಕೆಳಗಿಳಿಯುವ ಕೈಗಳು ಕಡಿಮೆಯಾಗಿ ಗಣಿಗಳ ನಷ್ಟ ಹೆಚ್ಚಿತು, ಮುಚ್ಚುವ ದಿನ ಇನ್ನಷ್ಟು ಹತ್ತಿರ ಬಂತು. ಉಳಿದವರು ನಲವತ್ತೈದು ದಾಟಿದವರು. ಪುಪ್ಪುಸದಲ್ಲಿ ಕಲ್ಲಿನ ದೂಳು ಕೂತು ಸಿಲಿಕೋಸಿಸ್ ಹಿಡಿದವರಿಗೆ ಕಾರು ಜೋಡಿಸುವ ಸಾಲಿನಲ್ಲಿ ಜಾಗವಿರಲಿಲ್ಲ. ಸರ್ಕಾರ ತನ್ನ ಅಂಕಿಅಂಶ ಕಚೇರಿಯ ಒಂದು ಭಾಗವನ್ನೂ, ಸರ್ಕಾರಿ ನೌಕರರ ಪಿಂಚಣಿ ನಿಧಿಯನ್ನೂ ಹೇರ್ಲೆನ್ನಿಗೆ ತಂದಿತು. ಒಳ್ಳೆಯ ಉದ್ದೇಶವೇ. ಆ ಕುರ್ಚಿಗಳಲ್ಲಿ ಕೂತವರು ಬಹುಪಾಲು ಬೇರೆಯವರು, ಗಣಿಯಿಂದ ಮೇಲೆ ಬಂದವರಲ್ಲ. ಹಲವರು ಅಂಗವಿಕಲರ ವಿಮೆಯ ಪಟ್ಟಿಗೆ ಸೇರಿ ಮನೆಯಲ್ಲಿ ಕೂತರು. ನಿರುದ್ಯೋಗಿಗಳ ಲೆಕ್ಕದಲ್ಲಿ ಅವರು ಕಾಣುತ್ತಿರಲಿಲ್ಲ.

ಕೊನೆಯ ಗಣಿ, ಹೇರ್ಲೆನ್ನಿನ ಒರಾನ್ಯೆ ನಸ್ಸಾವ್ ಒಂದನೆಯ ಗಣಿ, 1974ರ ಡಿಸೆಂಬರ್ 31ರಂದು ಮುಚ್ಚಿತು. ಆ ಹೊತ್ತಿಗೆ ಡೆನ್ ಆಯ್ಲ್ ದೇಶದ ಪ್ರಧಾನಿ. ಒಂಬತ್ತು ವರ್ಷದಲ್ಲಿ ಇಡೀ ಉದ್ಯಮ ನಿಂತುಹೋಗಿತ್ತು, ಒಬ್ಬರ ಮೇಲೂ ಗುಂಡು ಹಾರಿರಲಿಲ್ಲ. ಇದು ಸಣ್ಣ ಸಾಧನೆಯಲ್ಲ. ಆದರೆ ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಅದೇ ಹೇರ್ಲೆನ್ ನಿರುದ್ಯೋಗಕ್ಕೂ ಹೆರಾಯಿನ್ ಚಟಕ್ಕೂ ಹೆಸರಾಯಿತು. ಗಣಿಯ ಗುರುತುಗಳನ್ನೆಲ್ಲ ಅಳಿಸಿ ಹಸಿರು ಮಾಡುವ ಹುಮ್ಮಸ್ಸಿನಲ್ಲಿ ಚಿಮಣಿಗಳನ್ನು ಉರುಳಿಸಿದರು, ಶಾಫ್ಟುಗಳನ್ನು ಮುಚ್ಚಿದರು. ಬದುಕನ್ನೇ ಅಲ್ಲಿ ಸವೆಸಿದವರಿಗೆ ಆ ಹಸಿರು ನೆಮ್ಮದಿ ಕೊಟ್ಟಿರಲಾರದು.

ಮಾಸ್ ನದಿಯ ಆಚೆಗೂ ಒಂದು ಲಿಂಬರ್ಗ್ ಇದೆ, ಅದು ಬೆಲ್ಜಿಯಂನದು. ಅಲ್ಲಿನ ಗೆಂಕ್ ಪಟ್ಟಣದ ಸುತ್ತ ಗಣಿಗಳಿಗೆ ಇಟಲಿ, ಪೋಲೆಂಡ್, ಗ್ರೀಸ್, ತುರ್ಕಿಗಳಿಂದ ಜನ ಬಂದಿದ್ದರು. ಹೇರ್ಲೆನ್ ಸಭೆ ನಡೆದ ಅದೇ ಡಿಸೆಂಬರಿನಲ್ಲಿ ಬೆಲ್ಜಿಯಂ ಸರ್ಕಾರ ಜ್ವಾರ್ಟ್‌ಬರ್ಗ್ ಗಣಿಯನ್ನು ಮುಚ್ಚುವುದಾಗಿ ಹೇಳಿತು. ಮಾತುಕತೆ ಇಲ್ಲ, ಬದಲಿ ಕೆಲಸದ ಭರವಸೆಯೂ ಇಲ್ಲ. 1966ರ ಜನವರಿ 31ರಂದು ಬೀದಿಗಿಳಿದ ಜನರ ಮೇಲೆ ಪೊಲೀಸರು ಬಲ ಪ್ರಯೋಗಿಸಿದಾಗ ಇಬ್ಬರು ಸತ್ತರು. ಆ ರಕ್ತ ಚೆಲ್ಲಿದ ಮೇಲಷ್ಟೇ ಅಲ್ಲಿಯೂ ಬದಲಿ ಕೆಲಸವಿಲ್ಲದೆ ಇನ್ನೊಂದು ಗಣಿ ಮುಚ್ಚುವುದಿಲ್ಲವೆಂಬ ಒಪ್ಪಂದವಾಯಿತು. ಹತ್ತಿಪ್ಪತ್ತು ಮೈಲಿ ಅಂತರದ ಎರಡು ಸೀಮೆಗಳು. ಒಂದೇ ಕಾಲ, ಒಂದೇ ಐವತ್ತಾರನೆಯ ವಿಧಿ. ಒಂದು ಕಡೆ ಮೊದಲು ಮಾತು ಕೊಟ್ಟರು, ಇನ್ನೊಂದು ಕಡೆ ಹೆಣ ಬಿದ್ದ ಮೇಲೆ ಕೊಟ್ಟರು. ಕಾಗದದಲ್ಲಿದ್ದ ಹಕ್ಕನ್ನು ಜನರ ಮುಂದೆ ನಿಂತು ಹೇಳುವವರಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಗೆಂಕ್‌ನಲ್ಲಿ ಆಗಲೇ ಬದಲಿ ಕೆಲಸದ ದೊಡ್ಡ ಬಾಗಿಲು ತೆರೆದಿತ್ತು. 1964ರಲ್ಲಿ ಫೋರ್ಡ್ ಅಲ್ಲಿ ಕಾರು ಕಾರ್ಖಾನೆ ಶುರುಮಾಡಿತ್ತು. ಗಣಿ ಕಾರ್ಮಿಕರ ಮಕ್ಕಳು ಅಲ್ಲಿ ಸೇರಿದರು. ಟೌನಸ್, ಸಿಯೆರಾ, ಮಾಂಡಿಯೊ ಕಾರುಗಳು ಅಲ್ಲಿಂದ ಹೊರಟವು. ಉಳಿದ ಗಣಿಗಳು 1987ರಿಂದ ಒಂದಾದ ಮೇಲೊಂದು ಮುಚ್ಚಿ, 1992ರ ಸೆಪ್ಟೆಂಬರಿನಲ್ಲಿ ಜೋಲ್ಡರ್ ಗಣಿಯೊಂದಿಗೆ ಬೆಲ್ಜಿಯಂನ ಕಲ್ಲಿದ್ದಲಿನ ಕಾಲವೇ ಮುಗಿಯಿತು. ಈ ಸಲ ದೊಡ್ಡ ಮೊತ್ತ ಕೊಟ್ಟು ಕೆಲಸಗಾರರೇ ಬಿಟ್ಟುಹೋಗುವಂತೆ ಮಾಡಿದರು, ನಮ್ಮಲ್ಲಿ ವಿಆರ್‌ಎಸ್ ಎನ್ನುತ್ತೇವಲ್ಲ, ಅಂಥದ್ದೇ.

ಇಷ್ಟರಲ್ಲಿ ಬ್ರಸೆಲ್ಸ್‌ನಲ್ಲಿ ಬೇರೊಂದು ಖಜಾನೆ ಬೆಳೆಯುತ್ತಿತ್ತು. 1957ರ ರೋಮ್ ಒಪ್ಪಂದ ಯೂರೋಪಿಯನ್ ಸಾಮಾಜಿಕ ನಿಧಿಯನ್ನು ಹುಟ್ಟುಹಾಕಿತ್ತು. ಕಲ್ಲಿದ್ದಲು, ಉಕ್ಕು ಎಂದಷ್ಟೇ ಅಲ್ಲದೆ ಎಲ್ಲ ಕಸುಬಿನವರಿಗೂ ತರಬೇತಿ, ಸ್ಥಳಾಂತರದ ನೆರವು ಎಂಬುದು ಅದರ ಹಿರಿಮೆ. ಇಟಲಿ ಇದಕ್ಕಾಗಿ ಹಟ ಹಿಡಿದಿತ್ತು, ದಕ್ಷಿಣದ ಬಡ ಜಿಲ್ಲೆಗಳ ನಿರುದ್ಯೋಗ ಅದರ ಬೆನ್ನಿಗಿತ್ತು. ಆದರೆ 1960ರಲ್ಲಿ ಕೆಲಸ ಶುರುಮಾಡಿದ ಈ ನಿಧಿ ಹಣ ಕೊಡುತ್ತಿದ್ದದ್ದು ಎಲ್ಲ ಮುಗಿದ ಮೇಲೆ. ಸರ್ಕಾರ ಮೊದಲು ತನ್ನ ಹಣದಲ್ಲಿ ತರಬೇತಿ ಕೊಡಬೇಕು, ತರಬೇತಿಯಾದವನು ಹೊಸ ಕೆಲಸದಲ್ಲಿ ಆರು ತಿಂಗಳು ಇರಬೇಕು, ಆಮೇಲೆ ಅರ್ಧ ಖರ್ಚು ವಾಪಸು. ಬೆಳೆ ಮನೆಗೆ ಬಂದ ಮೇಲೆ ಬೀಜದ ದುಡ್ಡು ಕೊಟ್ಟ ಹಾಗೆ. ಬೀಜಕ್ಕೆ ಕಾಸಿಲ್ಲದವನಿಗೆ ಅದರಿಂದ ಏನು ಪ್ರಯೋಜನ? ತರಬೇತಿ ಕೇಂದ್ರಗಳು ಸಜ್ಜಾಗಿದ್ದ ಜರ್ಮನಿ ದೊಡ್ಡ ಪಾಲು ಪಡೆಯಿತು. ಇಟಲಿಗೆ ಬಂದ ಹಣದಲ್ಲಿ ಒಂದು ಭಾಗ ತನ್ನ ಜನರನ್ನು ಊರು ಬಿಡಿಸಿ ಜರ್ಮನಿಯ ಕಾರ್ಖಾನೆಗಳಿಗೆ ಕಳಿಸುವ ಖರ್ಚಿಗೆ ಹೋಯಿತು.

1971ರಲ್ಲಿ ನಿಧಿಯನ್ನು ತಿದ್ದಿದರು, ನಂತರವೂ ಹಲವು ಸಲ ತಿದ್ದಿದರು. ಯುವಕರು, ಅಂಗವಿಕಲರು, 1977ರಿಂದ ಇಪ್ಪತ್ತೈದು ದಾಟಿದ ಮಹಿಳೆಯರು ಅದರ ಲೆಕ್ಕದೊಳಗೆ ಬಂದರು. ಗಣಿ ಮುಚ್ಚಿದಾಗ ಮನೆ ನಡೆಸಲು ಹೊಲಿಗೆ ಕಾರ್ಖಾನೆಗೆ ಹೋದ ಹೆಂಡಂದಿರು, ಹೆಣ್ಣುಮಕ್ಕಳನ್ನು ಹಳೆಯ ವಿಧಿಗಳು ನೋಡಿಯೇ ಇರಲಿಲ್ಲವಾದ್ದರಿಂದ ಇದು ದೊಡ್ಡ ಹೆಜ್ಜೆ. ಇಂದು ಅದು ಯೂರೋಪಿನ ದೊಡ್ಡ ನಿಧಿಗಳಲ್ಲೊಂದು. ಆದರೆ ಅದರ ಕೈಯಲ್ಲಿರುವುದು ತರಬೇತಿ. ಕಾರ್ಖಾನೆ ತರುವ ಕೆಲಸ ಪ್ರಾದೇಶಿಕ ಅಭಿವೃದ್ಧಿ ನಿಧಿ ಎಂಬ ಬೇರೆ ಇಲಾಖೆಗೆ ಹೋಯಿತು, ನಡುವಿನ ಭತ್ಯೆ ಆಯಾ ದೇಶದ ಹೊಣೆಯಾಯಿತು. ಐವತ್ತಾರನೆಯ ವಿಧಿ ಹೊಲಿದಿದ್ದ ಮೂರೂ ಬೇರೆ ಬೇರೆ ಕಚೇರಿಗಳ ಕಡತಗಳಾದವು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ದೊಡ್ಡ ನಷ್ಟ ಇದೇ. ಪ್ಯಾರಿಸ್ ಒಪ್ಪಂದದ ಐವತ್ತು ವರ್ಷದ ಆಯಸ್ಸು 2002ರ ಜುಲೈ 23ರಂದು ಮುಗಿದಾಗ ಉಳಿದಿದ್ದ ಸುಮಾರು 160 ಕೋಟಿ ಯೂರೊ ಕಲ್ಲಿದ್ದಲು, ಉಕ್ಕಿನ ಸಂಶೋಧನೆಗೆ ಹೋಯಿತು.

ಒಪ್ಪಂದ ಸತ್ತ ಮೂರೇ ವರ್ಷದಲ್ಲಿ ಅದರ ಅಗತ್ಯ ಮತ್ತೆ ಕಾಣಿಸಿತು. 2005ರ ಮೇ ತಿಂಗಳಲ್ಲಿ ಫ್ರಾನ್ಸಿನ ಜನ ಯೂರೋಪಿನ ಸಂವಿಧಾನದ ಕರಡನ್ನು ಮತ ಹಾಕಿ ತಿರಸ್ಕರಿಸಿದರು. ಕಾರ್ಖಾನೆಗಳು ಪೂರ್ವಕ್ಕೂ ಏಷ್ಯಾಕ್ಕೂ ಹೋಗುತ್ತಿರುವ ಭಯ ಆ ಮತದಲ್ಲಿತ್ತು. ಯೂರೋಪಿಯನ್ ಕಮಿಷನ್ನಿನ ಅಧ್ಯಕ್ಷ ಜೋಸೆ ಮನುಯೆಲ್ ಬರೋಸೊ ಅದೇ ವರ್ಷ ಜಾಗತೀಕರಣ ಹೊಂದಾಣಿಕೆ ನಿಧಿಯ ಪ್ರಸ್ತಾಪ ಮುಂದಿಟ್ಟರು. 2007ರಿಂದ ಅದು ಜಾರಿಗೆ ಬಂತು. ವರ್ಷಕ್ಕೆ 50 ಕೋಟಿ ಯೂರೊ ಮಿತಿ. ಒಂದೇ ಏಟಿಗೆ ಸಾವಿರ ಮಂದಿ ಕೆಲಸ ಕಳೆದುಕೊಂಡಿದ್ದರೆ ಅರ್ಜಿ ಹಾಕಬಹುದಿತ್ತು. ಮೊದಲು ಬಂದ ಅರ್ಜಿಗಳು ಫ್ರಾನ್ಸಿನ ಕಾರು ಬಿಡಿಭಾಗಗಳ ಕೆಲಸಗಾರರವು.

ಈ ನಿಧಿಯ ಒಳಗಿನ ವಿರೋಧಾಭಾಸ ಎದ್ದು ಕಂಡದ್ದು ಐರ್ಲೆಂಡಿನಲ್ಲಿ. 2009ರ ಜನವರಿ 8ರಂದು ಡೆಲ್ ಕಂಪನಿ ಲಿಮರಿಕ್ ನಗರದ ಕಂಪ್ಯೂಟರ್ ಜೋಡಣೆಯನ್ನು ನಿಲ್ಲಿಸಿ ಪೋಲೆಂಡಿನ ವುಜ್ ನಗರಕ್ಕೆ ಒಯ್ಯುವುದಾಗಿ ಹೇಳಿತು. ಹೋಗುವ ಕೆಲಸ 1,900. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್ ಕಮಿಷನ್ ವುಜ್ ಕಾರ್ಖಾನೆಗೆ ಪೋಲೆಂಡ್ ಸರ್ಕಾರ 5.45 ಕೋಟಿ ಯೂರೊ ಸಹಾಯಧನ ಕೊಡಬಹುದೆಂದು ಒಪ್ಪಿತು. ಲಿಮರಿಕ್ಕಿನಲ್ಲಿ ಡೆಲ್ ಮತ್ತು ಅದನ್ನು ನಂಬಿದ ಕಂಪನಿಗಳ 2,400 ಮಂದಿಗೆ ಜಾಗತೀಕರಣ ನಿಧಿಯಿಂದ 1.48 ಕೋಟಿ ಯೂರೊ ಮಂಜೂರಾದದ್ದೂ ಆ ವರ್ಷವೇ. ಕಾರ್ಖಾನೆ ಹೋಗಿ ಸೇರಿದ ಊರಿಗೆ ಹೆಚ್ಚು, ಕೆಲಸ ಕಳೆದುಕೊಂಡವರಿಗೆ ಕಡಿಮೆ. ಪೋಲೆಂಡಿನ ಕೆಲಸಗಾರನಿಗೂ ಕೆಲಸ ಬೇಕು, ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಆ ಎರಡು ಕಡತಗಳು ಒಂದನ್ನೊಂದು ನೋಡಲಿಲ್ಲ ಎಂಬುದರ ಮೇಲೆ.

ಮತ್ತೆ ಗೆಂಕ್. 2012ರ ಅಕ್ಟೋಬರ್ 24ರಂದು ಫೋರ್ಡ್ ತನ್ನ ಕಾರ್ಖಾನೆಯನ್ನು ಮುಚ್ಚಿ ಮಾಂಡಿಯೊ ತಯಾರಿಕೆಯನ್ನು ಸ್ಪೇನಿನ ವಲೆನ್ಸಿಯಾಕ್ಕೆ ಒಯ್ಯುವುದಾಗಿ ಘೋಷಿಸಿತು. ಫೋರ್ಡ್‌ನಲ್ಲೇ ಸುಮಾರು 4,300 ಮಂದಿ, ಆಸನ, ಡ್ಯಾಶ್‌ಬೋರ್ಡು ಒದಗಿಸುತ್ತಿದ್ದ ಕಂಪನಿಗಳಲ್ಲಿ ಇನ್ನೂ ಸಾವಿರಾರು ಮಂದಿ. ಗಣಿ ಮುಚ್ಚಿದಾಗ ಅಪ್ಪ ಫೋರ್ಡ್ ಸೇರಿದ್ದ ಮನೆಯಲ್ಲಿ ಈಗ ಮಗನ ಸರದಿ. ಕೊನೆಯ ಕಾರು 2014ರ ಡಿಸೆಂಬರಿನಲ್ಲಿ ಹೊರಬಂತು. ಮೂರು ತಿಂಗಳ ನಂತರ ಬೆಲ್ಜಿಯಂ ಜಾಗತೀಕರಣ ನಿಧಿಗೆ ಅರ್ಜಿ ಹಾಕಿತು. ಕೆಲಸ ಹೋದದ್ದು ಒಕ್ಕೂಟದೊಳಗಿನ ಇನ್ನೊಂದು ದೇಶಕ್ಕೇ ಆದ್ದರಿಂದ, ಜಗತ್ತಿನ ಕಾರು ಉತ್ಪಾದನೆಯಲ್ಲಿ ಯೂರೋಪಿನ ಪಾಲು ಕುಗ್ಗುತ್ತಿದೆ ಎಂದು ಅಂಕಿಗಳೊಂದಿಗೆ ವಾದಿಸಿ ‘ಜಾಗತೀಕರಣ’ವನ್ನು ಸಾಬೀತು ಮಾಡಬೇಕಾಯಿತು. ಸುಮಾರು 4,500 ಮಂದಿಗೆಂದು ಮಂಜೂರಾದದ್ದು ಸುಮಾರು 62 ಲಕ್ಷ ಯೂರೊ. ತಲೆಗೆ 1,400 ಯೂರೊದಷ್ಟು.

ಈ ಅಂಕಿಯನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ಆ ಹಣದಿಂದ ಗೆಂಕ್ ಇರುವ ಫ್ಲಾಂಡರ್ಸ್ ಪ್ರದೇಶದ ಉದ್ಯೋಗ ಇಲಾಖೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿತು, ಅವರ ಕೈಕಸುಬನ್ನು ಗುರುತಿಸಿ ಪ್ರಮಾಣಪತ್ರ ಕೊಡಿಸಿತು, ಲಾರಿ ಚಾಲನೆ, ವೆಲ್ಡಿಂಗ್, ಭಾಷೆಯ ತರಗತಿಗಳಿಗೆ ಸೇರಿಸಿತು. ಇಪ್ಪತ್ತು ವರ್ಷ ಒಂದೇ ಬೋಲ್ಟನ್ನು ಬಿಗಿದ ಮನುಷ್ಯನಿಗೆ ತಾನು ಬೇರೇನು ಬಲ್ಲೆ ಎಂದು ಹೇಳಿಕೊಳ್ಳಲು ಯಾರಾದರೂ ಎದುರು ಕೂರಬೇಕಾಗುತ್ತದೆ. ಗೆಂಕ್‌ನ ಹಳೆಯ ವಾಟರ್‌ಸ್ಕೈ ಗಣಿಯ ಜಾಗದಲ್ಲಿ ಈಗ ಥಾರ್ ಪಾರ್ಕ್ ಎಂಬ ತಾಂತ್ರಿಕ ಕೇಂದ್ರವಿದೆ; ಶಕ್ತಿ ಸಂಶೋಧನೆಯ ಪ್ರಯೋಗಾಲಯವೂ ತರಬೇತಿ ಶಾಲೆಯೂ ಒಂದೇ ಆವರಣದಲ್ಲಿವೆ. ಕಲಿಯುವ ಜಾಗ ಮತ್ತು ಕೆಲಸ ಹುಟ್ಟುವ ಜಾಗ ಅಕ್ಕಪಕ್ಕ ಬಂದದ್ದು ಸರಿಯಾದ ಹೆಜ್ಜೆ.

ಆದರೆ ಜಾಗತೀಕರಣ ನಿಧಿಗೆ ಒಂದು ಕಾರ್ಖಾನೆ ತರುವ ಶಕ್ತಿ ಇಲ್ಲ; ಭತ್ಯೆ ಎಂದರೂ ತರಬೇತಿಗೆ, ಕೆಲಸ ಹುಡುಕಾಟಕ್ಕೆ ಅಂಟಿಕೊಂಡಷ್ಟೇ. ಪ್ರತಿ ಅರ್ಜಿಗೂ ಯೂರೋಪಿನ ಸಂಸತ್ತು ಮತ್ತು ಸದಸ್ಯ ರಾಷ್ಟ್ರಗಳ ಮಂಡಳಿ ಎರಡೂ ಒಪ್ಪಿಗೆ ಕೊಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಸ್ಥಳೀಯ ಇಲಾಖೆ ತನ್ನ ಹಣ ಹಾಕಿ ಕೆಲಸ ಮುಗಿಸಿರುತ್ತದೆ, ಬ್ರಸೆಲ್ಸಿನಿಂದ ಬರುವುದು ಮರುಪಾವತಿ. ಉದ್ಯಮದ ಮೇಲೇ ವಂತಿಗೆ ಹಾಕಿ, ಕಷ್ಟ ಬರುವ ಮೊದಲೇ ಹಣ ಕೂಡಿಟ್ಟಿದ್ದ ಹಳೆಯ ಹೈ ಅಥಾರಿಟಿಯ ಬುದ್ಧಿ ಇದಕ್ಕೆ ಬರಲಿಲ್ಲ. ಆ ಹೊತ್ತಿಗೆ ಸಾವಿರದಿಂದ 500ಕ್ಕೆ ಬಂದಿದ್ದ ಮಿತಿ 2021ರ ಹೊಸ ನಿಯಮದಲ್ಲಿ 200ಕ್ಕೆ ಇಳಿದದ್ದು, ಜಾಗತೀಕರಣವನ್ನು ಸಾಬೀತು ಮಾಡುವ ಗೋಳು ತಪ್ಪಿದ್ದು ಒಳ್ಳೆಯದಾಯಿತು. ಆದರೆ ವರ್ಷದ ಮಿತಿ ಆರಂಭದ 50 ಕೋಟಿಯಿಂದ 20 ಕೋಟಿಗೂ ಕೆಳಗೆ ಬಂದಿದೆ.

ಅದೇ 2021ರಲ್ಲಿ ಯೂರೋಪ್ ನ್ಯಾಯಯುತ ಪರಿವರ್ತನಾ ನಿಧಿಯನ್ನೂ ತೆರೆಯಿತು. 2018ರ ಬೆಲೆಗಳಲ್ಲಿ 1,750 ಕೋಟಿ ಯೂರೊ, ಕಲ್ಲಿದ್ದಲು ಮತ್ತು ಇಂಗಾಲದ ಉದ್ಯಮಗಳನ್ನು ಬಿಡಬೇಕಾದ ಸೀಮೆಗಳಿಗೆ. ಇದರಲ್ಲಿ ತರಬೇತಿಯೂ ಇದೆ, ಸಣ್ಣ ಉದ್ಯಮಗಳಿಗೆ ಬಂಡವಾಳವೂ ಇದೆ. ಹರಿದ ಹೊಲಿಗೆಯಲ್ಲಿ ಎರಡೆಳೆಗಳಾದರೂ ಮತ್ತೆ ಸೇರಿವೆ. ನೆದರ್ಲೆಂಡ್ಸಿನ ಪಾಲಿನಲ್ಲಿ ದೊಡ್ಡ ಭಾಗ ಹೋಗುವುದು ಗ್ರೋನಿಂಗನ್‌ಗೆ. ಲಿಂಬರ್ಗಿನ ಗಣಿಗಳನ್ನು ಮುಚ್ಚಿಸಿದ ಆ ಅನಿಲ ಬಾವಿಗಳು, ಭೂಕಂಪಗಳಿಂದ ಮನೆಗಳು ಬಿರುಕು ಬಿಟ್ಟ ಮೇಲೆ, 2023ರ ಅಕ್ಟೋಬರಿನಲ್ಲಿ ನಿಂತವು. ದಕ್ಷಿಣ ಲಿಂಬರ್ಗ್ ಕೂಡ ಫಲಾನುಭವಿಗಳ ಪಟ್ಟಿಯಲ್ಲಿದೆ. 2024ರ ಫೆಬ್ರುವರಿಯಲ್ಲಿ ಡಾಫ್ ತೆರೆದಿದ್ದ ಬೋರ್ನ್ ಕಾರ್ಖಾನೆಯಿಂದ ಕೊನೆಯ ಮಿನಿ ಕಾರು ಹೊರಬಂತು. ಆ ವರ್ಷವೇ ಗೆಲೇನ್‌ನ ರಸಾಯನ ಆವರಣದಲ್ಲಿ ಒಂದು ದೊಡ್ಡ ಘಟಕವನ್ನು ಕಾಯಂ ಮುಚ್ಚುವ ತೀರ್ಮಾನವಾಯಿತು. ಡೆನ್ ಆಯ್ಲ್ ಅಂದು ತೋರಿಸಿದ್ದ ಬದಲಿ ಕೆಲಸಗಳಿಗೇ ಈಗ ಬದಲಿ ಹುಡುಕುವ ಕಾಲ.

ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ನಿರುದ್ಯೋಗ ವಿಮೆ ಗಟ್ಟಿಯಾಗಿದೆ, ನಡುವಿನ ತಿಂಗಳುಗಳನ್ನು ಹೇಗೋ ದಾಟಬಹುದು. ರೊಮೇನಿಯಾದ ಜಿಯು ಕಣಿವೆಯ ಗಣಿ ಕಾರ್ಮಿಕರಿಗೆ ಅಷ್ಟು ಗಟ್ಟಿಯಾದ ಆಸರೆ ಇಲ್ಲ. 1997ರಲ್ಲಿ ಅಲ್ಲಿನ ಸರ್ಕಾರ ಒಂದೇ ಕಂತಿನ ಹಣ ಕೊಟ್ಟು ಸಾವಿರಾರು ಮಂದಿಯನ್ನು ಗಣಿಯಿಂದ ಹೊರಗೆ ಕಳಿಸಿತ್ತು. ಹಣ ಕರಗಿತು, ಬೇರೆ ಕೆಲಸ ಬರಲೇ ಇಲ್ಲ, ಕಣಿವೆಯ ಊರುಗಳು ಖಾಲಿಯಾಗುತ್ತ ಬಂದವು. ಉಳಿದಿರುವ ಕೆಲವೇ ಗಣಿಗಳನ್ನು ಈಗ ಮುಚ್ಚುವಾಗ ಹೊಸ ನಿಧಿ ಅವರಿಗೆ ತರಗತಿಯನ್ನೂ, ಉದ್ಯಮ ತೆರೆಯುವವನಿಗೆ ಬಂಡವಾಳವನ್ನೂ ಕೊಡುತ್ತದೆ. ಆ ಉದ್ಯಮ ತೆರೆಯುವತನಕದ ಮನೆಯ ರೇಷನ್ನಿಗೆ, ಬಾಡಿಗೆಗೆ ಐವತ್ತಾರನೆಯ ವಿಧಿ ಇಟ್ಟಿದ್ದ ಭತ್ಯೆಯನ್ನು ಯೂರೋಪಿನ ಈ ನಿಧಿಯಲ್ಲೂ ಮತ್ತೆ ಬರೆದಿಲ್ಲ. ಅದನ್ನು ಬರೆಯಬೇಕು, ಕಣಿವೆಯ ಕೊನೆಯ ಗಣಿ ಮುಚ್ಚುವ ಮೊದಲೇ ಬರೆಯಬೇಕು.